ಹೊಳೆ ಮೀನಿನ ಹುಳಿಸಾರು: ಕೆಸರು ವಾಸನೆ ಬರದಂತೆ, ತುಂಡು ಒಡೆಯದಂತೆ

ಕೊಪ್ಪಳ, ಬಳ್ಳಾರಿ ಕಡೆ ಸಿಗುವ ತುಂಗಭದ್ರಾ ಜಲಾಶಯದ ಮೀನಾಗಲಿ, ರಾಯಚೂರಿನ ಕೃಷ್ಣಾ ಹೊಳೆಯ ಮೀನಾಗಲಿ, ಕಡಲ ಮೀನಿನ ಮಸಾಲೆಗೆ ಒಗ್ಗುವುದಿಲ್ಲ. ಇದಕ್ಕೆ ಹಸಿ ತೆಂಗಿನಕಾಯಿ ಬೇಡ. ಗಟ್ಟಿ ಹುಣಸೆಹುಳಿ, ಒಣ ಕೊಬ್ಬರಿ, ಶೇಂಗಾ ಬೇಕು.

ಸಾರಿಗೆ ಕಾಟ್ಲಾ ಎಲ್ಲಕ್ಕಿಂತ ಚೆನ್ನ, ಅದರ ಹೊಟ್ಟೆ ಭಾಗದಲ್ಲಿ ಕೊಬ್ಬು ಹೆಚ್ಚು. ರೋಹು ರುಚಿಯಾದರೂ ಸಣ್ಣ ಮುಳ್ಳು ಜಾಸ್ತಿ, ಮಕ್ಕಳಿಗೆ ಬಡಿಸುವಾಗ ಎಚ್ಚರ. ಕಿವಿರು ಕೆಂಪಗಿರಬೇಕು, ಒತ್ತಿದ ಬೆರಳಿನ ಗುರುತು ಉಳಿಯಬಾರದು. ಒಂದು ಕಿಲೋ ಮೀನನ್ನು ಒಂದು ಇಂಚು ದಪ್ಪಕ್ಕೆ ಕೊಯ್ಯಿಸಿ. ತೆಳ್ಳಗೆ ಕೊಯ್ದರೆ ಕುದಿಯಲ್ಲೇ ಪುಡಿಯಾಗುತ್ತದೆ. ಪಿತ್ತದ ಚೀಲ ಒಡೆಯದಂತೆ ತೆಗೆಯಲು ಹೇಳಿ. ಒಡೆದರೆ ಮಾಂಸ ಕಹಿ. ಆ ಪಿತ್ತ ವಿಷವೂ ಹೌದು, ಔಷಧಿ ಎಂದು ಯಾರು ಹೇಳಿದರೂ ನುಂಗಬೇಡಿ.

ನಿಂತ ನೀರಿನ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಬರುವ ಕೆಸರು ವಾಸನೆ ಹುಳಿಗೆ ಬಗ್ಗುತ್ತದೆ. ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನೂ ಬೆನ್ನುಮೂಳೆಗೆ ಅಂಟಿದ ರಕ್ತವನ್ನೂ ಕೆರೆದು ತೆಗೆಯಿರಿ. ಒಂದು ದೊಡ್ಡ ಚಮಚ ಉಪ್ಪು, ಅರ್ಧ ಚಮಚ ಅರಿಶಿನ, ಒಂದು ನಿಂಬೆಹಣ್ಣಿನ ರಸ ಸವರಿ 15 ನಿಮಿಷ ಬಿಟ್ಟು ತೊಳೆಯಿರಿ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈ ಬೆಳ್ಳಗಾಗಿ ಒರಟಾಗುತ್ತದೆ.

50 ಗ್ರಾಂ ಹುಣಸೆಹಣ್ಣನ್ನು ಎರಡು ಲೋಟ ಬಿಸಿನೀರಲ್ಲಿ ನೆನೆಸಿ ಕಿವುಚಿ ಸೋಸಿ. ಎರಡು ದೊಡ್ಡ ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದ ಮೇಲೋ ಒಲೆಯ ಉರಿಯಲ್ಲೋ ಸುಟ್ಟು ಸುಲಿಯಿರಿ. ಈ ಹಂತ ಬಿಡಬೇಡಿ, ಸಾರಿನ ಪರಿಮಳ ಬರುವುದೇ ಇದರಿಂದ. ಎರಡು ದೊಡ್ಡ ಚಮಚ ಧನಿಯಾ, ಒಂದು ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, ಎರಡು ದೊಡ್ಡ ಚಮಚ ಶೇಂಗಾ, ಅಷ್ಟೇ ಒಣ ಕೊಬ್ಬರಿ ತುರಿಯನ್ನು ಬೇರೆಬೇರೆಯಾಗಿ ಹುರಿಯಿರಿ. ಮೆಂತ್ಯ ಕಪ್ಪಾದರೆ ಇಡೀ ಸಾರು ಕಹಿ. ಇವಕ್ಕೆ ಸುಟ್ಟ ಈರುಳ್ಳಿ, 12 ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ ಸೇರಿಸಿ ನುಣ್ಣಗೆ ರುಬ್ಬಿ.

ಅಗಲ ಬಾಯಿಯ ಮಣ್ಣಿನ ಗಡಿಗೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ಟೀಲ್. ಹುಳಿ ಕುದಿಸಲು ಅಲ್ಯೂಮಿನಿಯಂ ಬೇಡ. ಆರು ದೊಡ್ಡ ಚಮಚ ಶೇಂಗಾ ಎಣ್ಣೆ ಕಾಯಿಸಿ, ಕರಿಬೇವು ಹಾಕಿ, ರುಬ್ಬಿದ್ದನ್ನು ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಎರಡು ದೊಡ್ಡ ಚಮಚ ಖಾರದಪುಡಿ ಹಾಕಿ: ಅರ್ಧ ಬ್ಯಾಡಗಿ, ಅರ್ಧ ಗುಂಟೂರು. ಬರೀ ಗುಂಟೂರು ಹಾಕಿದರೆ ನಾಲಿಗೆ ಉರಿದು ಮೀನಿನ ರುಚಿ ತಿಳಿಯುವುದೇ ಇಲ್ಲ. ಹುಳಿ, ಎರಡು ಲೋಟ ನೀರು, ಉಪ್ಪು ಸೇರಿಸಿ 15 ನಿಮಿಷ ಚೆನ್ನಾಗಿ ಕುದಿಸಿ. ಹುಳಿಯ ಹಸಿ ವಾಸನೆ ಹೋಗಿ ಎಣ್ಣೆ ಮೇಲೆ ತೇಲುವ ಮೊದಲೇ ಮೀನು ಹಾಕುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ಆಗ ಹುಳಿ ಹದಕ್ಕೆ ಬರುವಷ್ಟರಲ್ಲಿ ಮೀನು ಬೆಂದು ಚೂರಾಗಿರುತ್ತದೆ.

ಮೊದಲು ತಲೆ ಹಾಕಿ, ಐದು ನಿಮಿಷದ ನಂತರ ಉಳಿದ ತುಂಡು ಹಾಕಿ. ಉರಿ ತಗ್ಗಿಸಿ 8–10 ನಿಮಿಷ ಬೇಯಿಸಿ. ಸೌಟು ಆಡಿಸಬೇಡಿ, ಬಟ್ಟೆಯಿಂದ ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ಅಲುಗಾಡಿಸಿದರೆ ಸಾಕು. ಮುಳ್ಳಿನಿಂದ ಮಾಂಸ ಸಲೀಸಾಗಿ ಬಿಟ್ಟರೆ ಬೆಂದಿದೆ ಎಂದರ್ಥ. ಕೊತ್ತಂಬರಿ ಉದುರಿಸಿ ಮುಚ್ಚಿಡಿ.

ಇಳಿಸಿದ ಕೂಡಲೇ ಬಡಿಸಿದರೆ ರಸ ಬೇರೆ, ಮೀನು ಬೇರೆ ಅನಿಸುತ್ತದೆ. ಅರ್ಧ ಗಂಟೆ ಕಾಯಿರಿ. ಬಿಸಿ ಜೋಳದ ರೊಟ್ಟಿಗಾದರೆ ಸಾರು ಗಟ್ಟಿಯಾಗಿರಲಿ. ಸೋನಾ ಮಸೂರಿ ಅನ್ನಕ್ಕಾದರೆ ಹುಳಿ ಕುದಿಯುವಾಗಲೇ ಒಂದು ಲೋಟ ನೀರು ಹೆಚ್ಚು ಹಾಕಿ, ಕೊನೆಗೆ ಬೆರೆಸಿದರೆ ಸಪ್ಪೆಯಾಗುತ್ತದೆ.