ಅಡಿಕೆ ತೋಟದಲ್ಲಿ ಇಎಸ್‌ಪಿ32: ಶಿರಸಿ ಮಳೆಗೆ ತಾಳುವ ಜೋಡಣೆ

ಮಣ್ಣಿನ ತೇವ ಅಳೆದು ಮನೆಗೆ ತಿಳಿಸಲು ಇಎಸ್‌ಪಿ32-ವ್ರೂಮ್-32 ಎಂಬ, ವೈಫೈ ಇರುವ ಪುಟ್ಟ ಕಂಟ್ರೋಲರ್ ಮಾಡ್ಯೂಲ್ ಸಾಕು. ವೈಫೈ 2.4 ಗಿಗಾಹರ್ಟ್ಸ್ ಮಾತ್ರ. ರೂಟರ್‌ನ 5 ಗಿಗಾಹರ್ಟ್ಸ್ ಇದಕ್ಕೆ ಕಾಣುವುದೇ ಇಲ್ಲ.

ಹೆಚ್ಚು ತೊಂದರೆ ಕೊಡುವುದು ಕರೆಂಟು. ಮಾಡ್ಯೂಲಿಗೆ ಬೇಕಾದದ್ದು 3.0ರಿಂದ 3.6 ವೋಲ್ಟ್, ಕನಿಷ್ಠ 500 ಮಿಲಿಆಂಪ್ ಕೊಡಬಲ್ಲ ಮೂಲ. ವೈಫೈ ಶುರುವಾದ ಕ್ಷಣವೇ ಮತ್ತೆ ಮತ್ತೆ ರೀಸೆಟ್ ಆಗುತ್ತಿದ್ದರೆ ಪ್ರೋಗ್ರಾಂ ತಿದ್ದುತ್ತ ಕೂರಬೇಡಿ, ಮೊದಲು ವೋಲ್ಟೇಜ್ ನೋಡಿ. ಅಗ್ಗದ ಬೋರ್ಡುಗಳಲ್ಲಿರುವ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಭಾಗ) ಒಂದು ವೋಲ್ಟಿಗೂ ಹೆಚ್ಚು ನುಂಗುತ್ತದೆ, 3.7 ವೋಲ್ಟ್ ಲಿಥಿಯಂ ಸೆಲ್ಲಿಗೆ ಅದು ಒಗ್ಗದು. ಡೀಪ್ ಸ್ಲೀಪ್‌ನಲ್ಲಿ, ಅಂದರೆ ಕೆಲಸವಿಲ್ಲದಾಗಿನ ಗಾಢ ನಿದ್ದೆಯಲ್ಲಿ, ಚಿಪ್ಪಿಗೆ ಸುಮಾರು 10 ಮೈಕ್ರೋಆಂಪ್ ಸಾಕಾದರೂ ಈ ರೆಗ್ಯುಲೇಟರ್ ಒಂದೇ ಹಲವು ಮಿಲಿಆಂಪ್ ತಿನ್ನುತ್ತದೆ. ಬದಲಿಗೆ 600 ಮಿಲಿಆಂಪಿನ ಎಪಿ2112ಕೆ-3.3 ಹಾಕಿ, ಮಾಡ್ಯೂಲಿನ ಪಿನ್ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಸೆನ್ಸರ್ ತಂತಿ 34ನೇ ಪಿನ್ನಿಗೆ (ಜಿಪಿಐಒ34). ಅದು ಎಡಿಸಿ1 ಗುಂಪಿನದು; ಎಡಿಸಿ ಎಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ. ವೈಫೈ ಚಾಲೂ ಇದ್ದಾಗ ಎಡಿಸಿ2 ಗುಂಪಿನ ಪಿನ್ನುಗಳು ಓದುವುದಿಲ್ಲ. ಪಿನ್ನಿಗೆ 5 ವೋಲ್ಟ್ ತಾಗಿಸಬೇಡಿ, ಸುಟ್ಟೀತು. ಬೂಟ್ ವೇಳೆ 12ನೇ ಪಿನ್ನಿನಲ್ಲಿ (ಜಿಪಿಐಒ12) ವೋಲ್ಟೇಜ್ ಮೇಲಿದ್ದರೆ ಮಾಡ್ಯೂಲ್ ಏಳುವುದೇ ಇಲ್ಲ.

ಇನ್ನು ಮಳೆ. ತಂತಿ ಪೆಟ್ಟಿಗೆಯ ತಳದಿಂದಲೇ ಒಳಹೋಗಲಿ, ಹೊರಗೆ ಒಂದು ಇಳಿಬಳುಕು ಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಸ್ಕ್ರೂ ಟರ್ಮಿನಲ್ಲಿನಲ್ಲಿ ಹಸಿರು ಕಿಲುಬು ಕಂಡರೆ ರೀಡಿಂಗ್ ನಂಬಬೇಡಿ, ಬೆಸುಗೆಯೇ ವಾಸಿ. ಪೆಟ್ಟಿಗೆ ಪ್ಲಾಸ್ಟಿಕ್ಕಿನದಿರಲಿ, ಆಂಟೆನಾ ಸುತ್ತ 15 ಮಿಲಿಮೀಟರ್ ಲೋಹ ಬೇಡ. ಒದ್ದೆ ಸೋಗೆ ಸಿಗ್ನಲ್ ಹೀರುವುದರಿಂದ ಸಿಗ್ನಲ್ ಎಷ್ಟು ದೂರ ಮುಟ್ಟುತ್ತದೆ ಎಂಬ ಪರೀಕ್ಷೆಯನ್ನು ಆಷಾಢದ ಮಳೆಯಲ್ಲೇ ಮಾಡಿ, ಬೇಸಿಗೆಯಲ್ಲಲ್ಲ.