ವಿಜ್ಞಾನದ ಪೀರಿಯಡ್‌ನಲ್ಲೂ ಓದು, ಬರಹ ಕಲಿಸುವುದು ಹೇಗೆ?

ಪಾಠ ಓದು ಅಂದರೆ ಎಂಟನೇ ತರಗತಿಯ ಹುಡುಗಿ ಎದ್ದು ನಿಂತು ತಡವರಿಸದೆ ಓದುತ್ತಾಳೆ. ಉಚ್ಚಾರ ಸ್ಪಷ್ಟ. ಅಲ್ಪವಿರಾಮ ಬಂದಲ್ಲಿ ನಿಲ್ಲುತ್ತಾಳೆ. ಓದಿದ್ದರಲ್ಲಿ ಏನಿದೆಯಮ್ಮಾ ಅಂತ ಕೇಳಿದರೆ ಮತ್ತೆ ಪುಸ್ತಕವನ್ನೇ ನೋಡುತ್ತಾಳೆ. ಶಿವಮೊಗ್ಗ ಪೇಟೆಯ ಶಾಲೆಯಿರಲಿ, ಹೊಸನಗರದ ಒಳಗಿನ ಹಳ್ಳಿ ಶಾಲೆಯಿರಲಿ, ಶಿಕ್ಷಕರು ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಜೊತೆಗೆ ಇನ್ನೊಂದು ಮಾತೂ ಬರುತ್ತದೆ: ‘ಅದನ್ನ ಕನ್ನಡದವರು ನೋಡ್ಕೋಬೇಕು.’

ಇದನ್ನು ನಾನು ಒಪ್ಪುವುದಿಲ್ಲ. ವಿಜ್ಞಾನದ ಪುಟ ಓದುವ ರೀತಿ ಬೇರೆ, ಇತಿಹಾಸದ್ದು ಬೇರೆ, ಗಣಿತದ ಲೆಕ್ಕ ಓದುವ ರೀತಿಯಂತೂ ಪೂರ್ತಿ ಬೇರೆ. ಇದೆಲ್ಲವನ್ನೂ ಪದ್ಯ ಕಲಿಸುವ ಟೀಚರ್ ತಲೆಗೆ ಕಟ್ಟಿದರೆ ಹೇಗೆ? ಆಯಾ ವಿಷಯದವರೇ ಕಲಿಸಬೇಕು. ಅದಕ್ಕೆ ಬೇರೆ ಪೀರಿಯಡ್ ಬೇಡ. ನೋಟ್ಸ್ ಹೇಳಿ ಬರೆಸುವ ಹೊತ್ತನ್ನು ಇದಕ್ಕೆ ಕೊಟ್ಟರೆ ಸಾಕು.

ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್ ತರಗತಿಗಳಲ್ಲಿ ಕೂತು ಗಮನಿಸಿದ್ದನ್ನು 1978-79ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ಅಂತ ಶಿಕ್ಷಕರು ಪ್ರಶ್ನೆ ಕೇಳಿ ಪರೀಕ್ಷಿಸುತ್ತಿದ್ದರು. ಅರ್ಥ ಮಾಡಿಕೊಳ್ಳುವುದು ಹೇಗೆ ಅಂತ ಕಲಿಸುತ್ತಿದ್ದುದು ತೀರಾ ಕಡಿಮೆ. ನಮ್ಮಲ್ಲೂ ಹೆಚ್ಚುಕಡಿಮೆ ಇದೇ ಕಥೆ ಅಲ್ವಾ? ಉತ್ತರ ಎಲ್ಲಿದೆ ಅಂತ ಹೇಳಿ ಪೆನ್ಸಿಲ್‌ನಲ್ಲಿ ಗೆರೆ ಹಾಕಿಸುತ್ತೇವೆ. ಆ ಸಾಲನ್ನು ಉರು ಹೊಡೆದವರಿಗೆ ಅಂಕ ಸಿಗುತ್ತದೆ.

ಹಿಂದಿನ ದಿನ ನೀವು ಮಾಡಬೇಕಾದ್ದು

ಇಡೀ ಪಾಠ ಬೇಡ, ಅರ್ಧ ಪುಟ ಆರಿಸಿಕೊಳ್ಳಿ. ಅದನ್ನು ಮಗುವಿನ ಕಣ್ಣಿನಿಂದ ಓದಿ. ಎಲ್ಲಿ ಎಡವಬಹುದು ಅಂತ ಗುರುತು ಮಾಡಿಕೊಳ್ಳಿ. ಕಷ್ಟದ ಪದಗಳಲ್ಲಿ ಮೂರೋ ನಾಲ್ಕೋ ಮಾತ್ರ ಮೊದಲೇ ಹೇಳಿಕೊಡಿ, ಉಳಿದವನ್ನು ಅವರೇ ಬಿಡಿಸಿಕೊಳ್ಳಲಿ. ಪೀರಿಯಡ್ ಮುಗಿಯುವಾಗ ಅವರು ಏನನ್ನು ಬರೆಯಬೇಕು ಅನ್ನುವುದನ್ನೂ ಈಗಲೇ ಗಟ್ಟಿ ಮಾಡಿಕೊಳ್ಳಿ. ಇದು ತಪ್ಪಿದರೆ ಓದು ಒಂದು ಕಡೆ, ಬರಹ ಇನ್ನೊಂದು ಕಡೆ ಹೋಗುತ್ತದೆ.

ಪಠ್ಯದ ಜೊತೆ ಊರಿಗೆ ಹತ್ತಿರದ ಒಂದು ತುಣುಕನ್ನು ನೀವೇ ಬರೆದುಕೊಂಡರೆ ಇನ್ನೂ ಒಳ್ಳೆಯದು. ಸೂಕ್ಷ್ಮಜೀವಿಗಳ ಪಾಠಕ್ಕೆ ಹೊಂದುವ ತುಣುಕು ಹೀಗಿರಬಹುದು:

‘ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇದಕ್ಕೆ ಕಾರಣ ಒಂದು ವೈರಸ್. ಸೋಂಕು ತಗುಲಿದ ಉಣುಗು (ರಕ್ತ ಹೀರುವ ಸಣ್ಣ ಜೀವಿ) ಕಚ್ಚಿದರೆ ಮಂಗಕ್ಕೂ ಮನುಷ್ಯರಿಗೂ ಕಾಯಿಲೆ ಬರುತ್ತದೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಉದುರಿ ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಈ ಕಾಯಿಲೆ ಹರಡುವುದಿಲ್ಲ.’

ಐದೇ ವಾಕ್ಯ. ಒಂದು ಪೀರಿಯಡ್‌ಗೆ ಇಷ್ಟು ಧಾರಾಳವಾಯಿತು.

ಓದುವ ಮೊದಲು

ಪುಸ್ತಕ ತೆರೆಯುವ ಮುಂಚೆ ಎರಡು ಸಾಲು ಬರೆಸಿ: ಮಂಗನ ಕಾಯಿಲೆ ಬಗ್ಗೆ ನನಗೆ ಗೊತ್ತಿರುವುದು ಏನು, ನನಗೆ ತಿಳಿಯಬೇಕಾದ್ದು ಏನು. ಓದಿದ ಮೇಲೆ ಮೂರನೇ ಸಾಲು: ಈಗ ತಿಳಿದಿದ್ದು ಏನು. ಈ ಮೂರು ಕಾಲಂ ವಿಧಾನವನ್ನು ಡೊನ್ನಾ ಓಗಲ್ 1986ರಲ್ಲಿ ರೂಪಿಸಿದರು. ಬೋರ್ಡಿನ ಮೇಲೆ ಎರಡು ಗೆರೆ ಎಳೆದರೆ ಆಯಿತು, ಖರ್ಚಿಲ್ಲ.

ಮೊದಲ ಕಾಲಂನಲ್ಲಿ ‘ಮಂಗ ಮುಟ್ಟಿದರೆ ಬರುತ್ತದೆ’, ‘ಮಂಗ ಕಚ್ಚಿದರೆ ಬರುತ್ತದೆ’ ಅಂತ ಕೆಲವರು ಬರೆದೇ ಬರೆಯುತ್ತಾರೆ. ತಿದ್ದಬೇಡಿ, ಹಾಗೇ ಇರಲಿ. ತನ್ನ ನಂಬಿಕೆ ಸರಿಯೋ ತಪ್ಪೋ ನೋಡಬೇಕು ಅನ್ನುವ ಆಸೆ ಹುಟ್ಟಿದ ಮಗು ಓದುವುದೇ ಬೇರೆ ಥರ.

ಮನೆಯಲ್ಲಿ ಕೊಂಕಣಿ, ಉರ್ದು, ಲಂಬಾಣಿ, ತುಳು ಆಡುವ ಮಕ್ಕಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಪಕ್ಕದವರ ಜೊತೆ ಅವರವರ ಮಾತಿನಲ್ಲೇ ಮಾತಾಡಿಕೊಳ್ಳಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ. ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೂ ಇದೇ ದಾರಿ. ಪುಟ ಇಂಗ್ಲಿಷ್‌ನಲ್ಲಿದ್ದರೂ ಯೋಚನೆ ಕನ್ನಡದಲ್ಲಿ ನಡೆಯಲಿ ಬಿಡಿ.

ಓದುತ್ತಾ ನಿಲ್ಲುವುದನ್ನು ಮಾಡಿ ತೋರಿಸಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಚೆನ್ನಾಗಿ ಓದುವವರು ತಲೆಯೊಳಗೆ ಏನು ಮಾಡುತ್ತಾರೆ ಅಂತ ಮಗುವಿಗೆ ಕಾಣುವುದಿಲ್ಲ. ಆದ್ದರಿಂದ ಮೊದಲ ಮೂರು ವಾಕ್ಯಗಳನ್ನು ನೀವೇ ಗಟ್ಟಿಯಾಗಿ ಓದಿ, ಮಧ್ಯೆ ಮಧ್ಯೆ ನಿಂತು ಮನಸ್ಸಿನ ಮಾತನ್ನು ಹೊರಗೆ ಆಡಿ:

‘ಕಾರಣ ವೈರಸ್ ಅಂತಿದೆ. ಸರಿ, ವೈರಸ್ ಮೈಯೊಳಗೆ ಹೋಗುವುದು ಹೇಗೆ? ಇನ್ನೂ ಹೇಳಿಲ್ಲ. ಮುಂದೆ ನೋಡೋಣ. ಆಹಾ, ಉಣುಗು ಕಚ್ಚಿದರೆ ಅಂತಿದೆ. ಮಂಗಕ್ಕೂ ಮನುಷ್ಯರಿಗೂ ಅಂತಿದೆ. ಹಾಗಾದರೆ ಮಂಗಕ್ಕೂ ನಮ್ಮ ಥರವೇ ಕಾಯಿಲೆ ಬಂದಿದೆ. ನಾನು ಅಂದುಕೊಂಡಿದ್ದು ಹೀಗಿರಲಿಲ್ಲ, ಇನ್ನೊಂದು ಸಲ ಓದುತ್ತೇನೆ.’

ಗೊತ್ತಾಗದಿದ್ದಾಗ ಹಿಂದೆ ಹೋಗಿ ಓದುವುದು ದಡ್ಡತನ ಅಲ್ಲ ಅಂತ ಮಕ್ಕಳಿಗೆ ಇಲ್ಲಿ ತಿಳಿಯುತ್ತದೆ. ಉಳಿದ ವಾಕ್ಯಗಳನ್ನು ಅವರು ಸದ್ದಿಲ್ಲದೆ ಓದಲಿ. ತಿಳಿದಲ್ಲಿ ಅಂಚಿಗೆ ಸರಿ ಗುರುತು, ತಿಳಿಯದಲ್ಲಿ ಪ್ರಶ್ನೆ ಗುರುತು ಹಾಕಲಿ. ಜುಲೈನಲ್ಲಿ ತಗಡಿನ ಶೀಟಿನ ಮೇಲೆ ಮಳೆ ಹೊಡೆಯುವಾಗ ನಮ್ಮ ದನಿ ಮೂರನೇ ಸಾಲಿಗೂ ಮುಟ್ಟುವುದಿಲ್ಲ. ಆಗ ಕೂಗಿ ಗಂಟಲು ಹಾಳು ಮಾಡಿಕೊಳ್ಳುವ ಬದಲು ಈ ಮೌನ ಓದು ಇಟ್ಟುಕೊಳ್ಳಿ.

ಗುಂಪಿನಲ್ಲಿ ಓದಿಸುವುದಾದರೆ ನಾಲ್ಕು ಜನಕ್ಕೆ ನಾಲ್ಕು ಕೆಲಸ. ಒಬ್ಬರು ಮುಂದೇನು ಬರಬಹುದು ಅಂತ ಊಹಿಸಬೇಕು. ಒಬ್ಬರು ಪ್ರಶ್ನೆ ಕೇಳಬೇಕು. ಒಬ್ಬರು ತಿಳಿಯದ ಮಾತನ್ನು ಬಿಡಿಸಬೇಕು. ಒಬ್ಬರು ಎರಡು ವಾಕ್ಯದಲ್ಲಿ ಸಾರ ಹೇಳಬೇಕು. ಪಾಲಿಂಕ್ಸರ್ ಮತ್ತು ಬ್ರೌನ್ ಎಂಬ ಸಂಶೋಧಕಿಯರು 1984ರಲ್ಲಿ ಪ್ರಕಟಿಸಿದ ಈ ವಿಧಾನ ನಮ್ಮ ಸಣ್ಣ ಶಾಲೆಗಳಿಗೆ ಹೇಳಿಮಾಡಿಸಿದ ಹಾಗಿದೆ. ಐದನೇ ತರಗತಿಯವರೂ ಏಳನೇ ತರಗತಿಯವರೂ ಒಂದೇ ಕೋಣೆಯಲ್ಲಿದ್ದರೆ ಒಟ್ಟಿಗೇ ಕೂರಿಸಿ. ದಿನವೂ ಕೆಲಸ ಬದಲಾಯಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಚುರುಕಿನವರೇ ಯಾವಾಗಲೂ ಸಾರ ಹೇಳುತ್ತಾರೆ.

ಮೂರು ಥರದ ಪ್ರಶ್ನೆ

‘ಕಾಯಿಲೆಯನ್ನು ಯಾವ ವರ್ಷ ಗುರುತಿಸಿದರು?’ ಉತ್ತರ ಒಂದೇ ಸಾಲಿನಲ್ಲಿದೆ. ನಮ್ಮ ಹೆಚ್ಚಿನ ಪ್ರಶ್ನೆಗಳು ಇಲ್ಲಿಗೇ ನಿಲ್ಲುತ್ತವೆ.

‘ಸತ್ತ ಮಂಗನ ಹತ್ತಿರ ಹೋಗಬಾರದು, ಯಾಕೆ?’ ಇದಕ್ಕೆ ಮೂರನೇ ವಾಕ್ಯವನ್ನೂ ನಾಲ್ಕನೆಯದನ್ನೂ ಸೇರಿಸಿ ಯೋಚಿಸಬೇಕು.

‘ಬೇಸಿಗೆಯಲ್ಲಿ ನಿಮ್ಮ ಮನೆಯವರು ಮಾಡುವ ಯಾವ ಕೆಲಸದಲ್ಲಿ ಜಾಸ್ತಿ ಎಚ್ಚರ ಬೇಕು?’ ಉತ್ತರ ಅರ್ಧ ಪುಟದಲ್ಲಿದೆ, ಅರ್ಧ ಮಗುವಿನ ತಲೆಯಲ್ಲಿದೆ. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ಗುಡಿಸಿ ತರುವುದು, ಸೌದೆ ತರುವುದು, ದನ ಅಟ್ಟಿಕೊಂಡು ಹೋಗುವುದು, ಎಲ್ಲ ಬರುತ್ತದೆ.

ಪ್ರಶ್ನೆ ಕೇಳಿದ ಕೂಡಲೇ ಕೈ ಎತ್ತಿದವರನ್ನು ಕರೆಯಬೇಡಿ. ಸ್ವಲ್ಪ ಕಾಯಿರಿ. ‘ಪುಟದಲ್ಲಿ ಎಲ್ಲಿದೆ, ತೋರಿಸು’ ಅನ್ನುವ ಮಾತು ನಿಮ್ಮ ಬಾಯಲ್ಲಿ ಯಾವಾಗಲೂ ಇರಲಿ.

ಈಗ ಬರಹ

ಪೀರಿಯಡ್‌ನ ಕೊನೆಯ ಐದಾರು ನಿಮಿಷ ಬರಹಕ್ಕೆ. ನಾಲ್ಕು ವಾಕ್ಯ ಸಾಕು, ಆದರೆ ಪುಸ್ತಕ ಮುಚ್ಚಿರಬೇಕು. ಶುರು ಮಾಡಲು ಆಗದವರಿಗೆ ಬೋರ್ಡಿನ ಮೇಲೆ ಆಸರೆ ಕೊಡಿ: ‘ನಾನು ಮೊದಲು ... ಅಂದುಕೊಂಡಿದ್ದೆ. ಓದಿದ ಮೇಲೆ ... ಅಂತ ತಿಳಿಯಿತು. ಏಕೆಂದರೆ ...’

ಇಂಥದ್ದೊಂದು ಬರಹ ಬಂತು ಅಂದುಕೊಳ್ಳಿ: ‘ನಮ್ಮಮ್ಮ ದರಗು ತರಕ್ಕೆ ಹೋಗ್ತಾರೆ. ಮಂಗ ಸತ್ತ ಕಡೆ ಹೋಗಬಾರ್ದು. ಏಕೆಂದರೆ ಉಣುಗು ದರಗಲ್ಲಿ ಇರತ್ತೆ.’ ಕೆಂಪು ಪೆನ್ನು ಹಿಡಿದರೆ ನಾಲ್ಕು ಕಡೆ ಗೀಚಬಹುದು. ಆದರೆ ಈ ಮಗು ಎರಡು ವಾಕ್ಯಗಳನ್ನು ಜೋಡಿಸಿ ಕಾರಣ ಕಂಡುಕೊಂಡಿದೆ. ವಿಜ್ಞಾನದ ಟೀಚರ್ ನೋಡಬೇಕಾದ್ದು ಆ ‘ಏಕೆಂದರೆ’ ಸರಿಯಾಗಿದೆಯಾ ಅಂತ. ‘ಉಣುಗು ಅಲ್ಲಿಗೆ ಹೇಗೆ ಬಂತು? ಇನ್ನೊಂದು ವಾಕ್ಯ ಸೇರಿಸು’ ಅಂತ ಪಕ್ಕದಲ್ಲಿ ಬರೆದುಕೊಡಿ. ಕಾಗುಣಿತ, ಬರಹದ ರೂಪ ಇನ್ನೊಂದು ದಿನಕ್ಕಿರಲಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಎಲ್ಲ ಪುಸ್ತಕವನ್ನೂ ದಿನಾ ನೋಡಬೇಕಾಗಿಲ್ಲ, ಸರದಿ ಮಾಡಿಕೊಳ್ಳಿ.

ಹತ್ತನೇ ತರಗತಿಗೆ ಇದಕ್ಕಿಂತ ಗಟ್ಟಿ ಕೆಲಸ ಕೊಡಬಹುದು. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಡುವ ಪ್ರಯೋಗ ಅವರ ಪುಸ್ತಕದಲ್ಲಿದೆ. ಮೊಳೆ ಕಂದಾಗುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಇತ್ತ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ) ಮಾಡುವಾಗ ಮನೆಯ ಹಿರಿಯರು ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟೇ. ಮೊಳೆಯಲ್ಲಿ ನಡೆದದ್ದೇ ಕತ್ತಿಯಲ್ಲೂ ನಡೆಯುತ್ತದೆ. ‘ಕತ್ತಿ ಯಾಕೆ ಕೆಂಪಾಯಿತು? ಅಜ್ಜನಿಗೆ ತಿಳಿಯುವ ಹಾಗೆ ಬರೆಯಿರಿ’ ಅನ್ನಿ. ಬೋರ್ಡೋ ಮಾಡುವ ವಿಧಾನವನ್ನೂ ಹೆಜ್ಜೆ ಹೆಜ್ಜೆಯಾಗಿ ಬರೆಸಿ. ತುತ್ತವನ್ನು ಕಬ್ಬಿಣದ ಡ್ರಮ್‌ನಲ್ಲಿ ಯಾಕೆ ಕರಗಿಸಬಾರದು ಅನ್ನುವ ಸಾಲು ಬಿಟ್ಟಿದ್ದರೆ ಪಕ್ಕದ ಬೆಂಚಿನವರು ಓದಿ ಹಿಡಿಯಲಿ. ತೋಟ ಇಲ್ಲದ ಮನೆಯ ಮಕ್ಕಳು, ಔಷಧಿ ಹೊಡೆಯಲು ಹೋಗುವವರ ಮಕ್ಕಳೂ ತರಗತಿಯಲ್ಲಿ ಇರುತ್ತಾರೆ. ಎಷ್ಟೋ ಸಲ ಅವರಿಗೇ ಜಾಸ್ತಿ ಗೊತ್ತಿರುತ್ತದೆ, ಅವರನ್ನು ಮೊದಲು ಮಾತಾಡಿಸಿ.

ಗಣಿತದಲ್ಲಿ ಲೆಕ್ಕವನ್ನು ಮೂರು ಸಲ ಓದಿಸಿ. ‘100 ಲೀಟರ್ ನೀರಿಗೆ 1 ಕೆ.ಜಿ. ತುತ್ತ, 1 ಕೆ.ಜಿ. ಸುಣ್ಣ. 350 ಲೀಟರ್‌ಗೆ ಎಷ್ಟು ಬೇಕು?’ ಮೊದಲ ಸಲ ಸಂಖ್ಯೆಗಳನ್ನು ಮುಚ್ಚಿ, ಕಥೆ ಮಾತ್ರ. ಎರಡನೇ ಸಲ ಕೇಳಿದ್ದೇನು. ಮೂರನೇ ಸಲ ಸಂಖ್ಯೆ. ಮೂರೂವರೆ ಕೆ.ಜಿ. ಅಂತ ಬಂದ ಮೇಲೆ ಹೇಗೆ ಬಂತು ಅಂತ ಒಂದು ವಾಕ್ಯ ಬರೆಸಿ.

ಸಮಾಜ ವಿಜ್ಞಾನದಲ್ಲಿ ಒಂದೇ ಸಂಗತಿಯನ್ನು ಎರಡು ಕಡೆಯಿಂದ ಓದಿಸುವುದು ಒಳ್ಳೆಯದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಪುಸ್ತಕದಲ್ಲಿ ವಿದ್ಯುತ್ತಿನ ವಿಷಯ ಸಿಗುತ್ತದೆ. ಸಾಗರ, ಹೊಸನಗರದ ಕಡೆ ಮುಳುಗಡೆಯಾದ ಊರಿನಿಂದ ಎದ್ದು ಬಂದ ಅಜ್ಜ, ಅಜ್ಜಿಯರು ಇನ್ನೂ ಇದ್ದಾರೆ. ಮಕ್ಕಳು ಐದು ಪ್ರಶ್ನೆ ಬರೆದುಕೊಂಡು ಹೋಗಿ ಕೇಳಿ ಬರಲಿ. ಆಮೇಲೆ ಪುಸ್ತಕದ ಮಾತು ಇದು, ಅಜ್ಜಿಯ ಮಾತು ಇದು ಅಂತ ಬೇರೆ ಮಾಡಿ ಬರೆಯಲಿ. ಹಿರಿಯರಿಗೆ ನೋವಿನ ನೆನಪೂ ಇರುತ್ತದೆ. ಬೇಡ ಅಂದರೆ ಒತ್ತಾಯ ಮಾಡಬಾರದು ಅಂತ ಮೊದಲೇ ಹೇಳಿ ಕಳಿಸಿ.

ಅಕ್ಷರವೇ ಕೂಡಿಸಲು ಬಾರದವರಿಗೆ

ಏಳನೇ, ಎಂಟನೇ ತರಗತಿಗೆ ಬಂದರೂ ಒತ್ತಕ್ಷರದಲ್ಲಿ ಸಿಕ್ಕಿಕೊಳ್ಳುವ ಮಕ್ಕಳು ಇರುತ್ತಾರೆ. ಅವರಿಗೆ ಅಕ್ಷರದ ಕಲಿಕೆ ಬೇರೆಯಾಗಿ, ದಿನವೂ ನಡೆಯಲೇಬೇಕು. ಅದು ಮುಗಿಯುವವರೆಗೆ ಅರ್ಥದ ಕೆಲಸದಿಂದ ಹೊರಗಿಡಬೇಡಿ. ತುಣುಕನ್ನು ಜೊತೆಯವರು ಓದಿ ಹೇಳಲಿ. ಉಣುಗು, ಮಂಗ, ತರಗೆಲೆ, ಮನುಷ್ಯ ಅಂತ ನಾಲ್ಕು ಚಿತ್ರ ಬಿಡಿಸಿ, ಬಾಣ ಎಳೆದು, ಒಂದೊಂದು ಪದ ಬರೆಯಲಿ. ಬಾಣ ಯಾಕೆ ಹಾಗೆ ಹೋಯಿತು ಅಂತ ಮಗು ಬಾಯಲ್ಲಿ ಹೇಳಿದ್ದನ್ನು ನೀವು ಚಿತ್ರದ ಕೆಳಗೆ ಬರೆದುಕೊಡಿ. ಮಾರನೇ ದಿನ ಅದೇ ವಾಕ್ಯ ಅವರ ಓದುವ ಪಾಠ. ತಾನು ಹೇಳಿದ ಮಾತಾದ್ದರಿಂದ ಒತ್ತಕ್ಷರ ಬಂದರೂ ಬೇಗ ಗುರುತು ಹಿಡಿಯುತ್ತಾರೆ.