ಕಂತುಬಲೆಯ ಕಣ್ಣು: ಮರಿ ಬಿಟ್ಟು ಮೀನು ಹಿಡಿಯುವ ಲೆಕ್ಕ

ಮೀನಿನ ತಲೆ ಕಣ್ಣಿನೊಳಗೆ ತೂರುತ್ತದೆ, ಹೊಟ್ಟೆ ತೂರುವುದಿಲ್ಲ, ಹಿಂದೆ ಸರಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಕಂತುಬಲೆ ಕೆಲಸ ಮಾಡುವುದು ಹೀಗೆ. ಹಾಗಾಗಿ ಕಣ್ಣಿನ ಅಳತೆ ಸರಿಯಿದ್ದರೆ, ಒಮ್ಮೆಯೂ ಮೊಟ್ಟೆಯಿಡದ ಮೀನು ತಾನಾಗಿಯೇ ಪಾರಾಗುತ್ತದೆ.

ಮೊಟ್ಟೆಯಿಡುವ ಕಾಲದಲ್ಲಿ, ಒಂದೇ ಜಾತಿಯ ಸಣ್ಣವೂ ದೊಡ್ಡವೂ ಸೇರಿ ನಲವತ್ತು-ಐವತ್ತು ಮೀನುಗಳ ಉದ್ದ ಬರೆದಿಟ್ಟು, ಹೊಟ್ಟೆ ಸೀಳುವಾಗ ತತ್ತಿ ಬಲಿತಿದೆಯೇ ನೋಡಿ. ಯಾವ ಉದ್ದದಲ್ಲಿ ಹೆಣ್ಣುಮೀನುಗಳ ಪೈಕಿ ಅರ್ಧದಷ್ಟು ಬಲಿತಿರುತ್ತವೋ ಅದು ಕನಿಷ್ಠ ಉದ್ದ. ಅದು 20 ಸೆಂ.ಮೀ. ಎಂದುಕೊಳ್ಳೋಣ. ಬಲೆ 20ಕ್ಕೇ ಹೊಂದಿಸಿದರೆ ತಪ್ಪು, ಏಕೆಂದರೆ ಗುರಿಯ ಉದ್ದಕ್ಕಿಂತ ಶೇ. 20ರಷ್ಟು ಚಿಕ್ಕ ಮೀನೂ ಸಿಕ್ಕಿಬೀಳುತ್ತದೆ. ಗುರಿ 25 ಇರಲಿ. ಆ ಉದ್ದದ ಮೀನಿನ ಅತಿ ದಪ್ಪ ಭಾಗಕ್ಕೆ ದಾರ ಸುತ್ತಿ ಅಳೆದು, 2.5ರಿಂದ ಭಾಗಿಸಿ. ಸುತ್ತಳತೆ 15 ಸೆಂ.ಮೀ. ಇದ್ದರೆ ಕಣ್ಣು 60 ಮಿ.ಮೀ. ಇದು ಚಾಚಿದ ಅಳತೆ, ಅಂದರೆ ಕಣ್ಣನ್ನು ಎಳೆದು ಹಿಡಿದಾಗ ಎದುರುಬದುರು ಗಂಟುಗಳ ನಡುವಿನ ದೂರ. ಕಣ್ಣಿನ ಸುತ್ತಳತೆ ಚಾಚಿದ ಅಳತೆಯ ಎರಡು ಪಟ್ಟು. ಚೆನ್ನಾಗಿ ಸಿಕ್ಕುವ ಮೀನಿನ ಮೈ ಅದಕ್ಕಿಂತ ಸುಮಾರು ಕಾಲುಪಾಲು ದಪ್ಪ. 2.5 ಬಂದದ್ದು ಅಲ್ಲಿಂದ.

ಬಲೆ ಕೊಳ್ಳುವಾಗ ಮೋಸಹೋಗುವುದು ಇಲ್ಲೇ: ಕೆಲವರು ಹೇಳುವುದು ಪಕ್ಕದ ಗಂಟಿನವರೆಗಿನ ಅಳತೆ, ಅಂದರೆ ಚಾಚಿದ ಅಳತೆಯ ಅರ್ಧ. ಒದ್ದೆ ಬಲೆಯ ಹತ್ತು ಕಣ್ಣು ಒಟ್ಟಿಗೆ ಹಗುರವಾಗಿ ಎಳೆದು ಅಳೆದು, ಹತ್ತರಿಂದ ಭಾಗಿಸಿ.

ಕಣ್ಣು ಸರಿಯಿದ್ದರೂ ಕಟ್ಟುವಾಗ ಕೆಡಬಹುದು. ಚಾಚಿದಾಗ 100 ಮೀಟರ್ ಬರುವ ಬಲೆಯನ್ನು 50-60 ಮೀಟರ್ ಹಗ್ಗಕ್ಕೆ ಕಟ್ಟಿ. ಇನ್ನೂ ಸಡಿಲವಾದರೆ ಮುಳ್ಳು, ರೆಕ್ಕೆ, ಆಮೆಯ ಕಾಲು ಎಲ್ಲವೂ ಸುತ್ತಿಕೊಳ್ಳುತ್ತವೆ. ಮೇಲಿನ ಲೆಕ್ಕವೆಲ್ಲ ನೀರುಪಾಲು.

ಆಮೆಗಳು ಓಡಾಡುವ ಕಡೆ ಬಲೆ ಬಿಟ್ಟು ದೂರ ಹೋಗಬೇಡಿ. ಒದ್ದಾಡುವ ಆಮೆ ಒಂದು ಗಂಟೆಯೊಳಗೇ ಉಸಿರುಗಟ್ಟಿ ಸಾಯಬಹುದು. ಅಲುಗಾಡದ ಆಮೆ ಸತ್ತಿದೆ ಎಂದು ನೀರಿಗೆಸೆಯಬಾರದು. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗ 15 ಸೆಂ.ಮೀ. ಎತ್ತರಿಸಿ, ನೆರಳಲ್ಲಿ ಒದ್ದೆ ಬಟ್ಟೆ ಹೊದಿಸಿ ಕನಿಷ್ಠ 4 ಗಂಟೆ, ಬೇಕಾದರೆ 24 ಗಂಟೆ ಕಾಯಿರಿ. ಚೇತರಿಸಿಕೊಂಡ ಮೇಲೆ, ಎಂಜಿನ್ನಿನ ಗೇರ್ ತೆಗೆದು ನಿಧಾನವಾಗಿ ಇಳಿಸಿ.

ನೈಲಾನ್ ಕೊಳೆಯುವುದಿಲ್ಲ, ಕಳೆದುಹೋದ ಬಲೆ ಯಾರಿಗೂ ದಕ್ಕದ ಮೀನನ್ನು ಹಿಡಿಯುತ್ತಲೇ ಇರುತ್ತದೆ. ಬೆಂಡುಗಳನ್ನು ಹತ್ತಿ ದಾರದಿಂದ ಕಟ್ಟಿದರೆ ದಾರ ಕೊಳೆತು, ಬೆಂಡು ಕಳಚಿ, ಬಲೆ ತಳಕ್ಕೆ ಕುಸಿಯುತ್ತದೆ. ಬಳಕೆಯಲ್ಲಿರುವ ಬಲೆಯ ದಾರವನ್ನು ಪ್ರತಿ ಬಾರಿ ಒಣಗಿಸುವಾಗ ಎಳೆದು ನೋಡಿ, ಸಡಿಲಿದ್ದನ್ನು ಬದಲಿಸಿ.